ಕಾಕಾನ ಹೆಬ್ಬೆರಳು

‘ಈ ಸೀಟಿನ ಪೈಪು ಜನ್ಮದಾಗ ಹೊರಗ ಬರೂದಿಲ್ಲ’ ಎಂದವನು ಬೈಲಹೊಂಗಲದ ಸೈಕಲ್ ಅಂಗಡಿಯವನು. ‘ನಮ್ಮ ಮನಿ ಹುಡುಗಿ ಡಿಗ್ರಿ ಮುಗಸೂದೂ ಅಷ್ಟ’ ಎಂದವನು ನನ್ನ ದೊಡ್ಡಪ್ಪ. ಈ ಎರಡು ಮಾತನ್ನೂ ನಂಬದವನು ಸಂಪಗಾಂವದಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದ ಅಪ್ಪನ ತಮ್ಮ, ನಮ್ಮ ಕಾಕಾ ಒಬ್ಬನೇ.

ಅವನ ಎಡಗೈ ಹೆಬ್ಬೆರಳಿನ ಉಗುರು ಆಮೆಯ ಚಿಪ್ಪಿನಂತೆ ಕಪ್ಪಗೆ, ದಪ್ಪಗೆ, ನಡುವೆ ಸೀಳಿಕೊಂಡಿತ್ತು. ಅದನ್ನು ಹಾಗೆ ಮಾಡಿದವಳು ನಾನು.

ಎಂಟನೇ ಇಯತ್ತೆಯಲ್ಲಿ ಸಾಲಿಯಿಂದ ಕೊಟ್ಟ ಸೈಕಲ್ ಅದು. ನಾನು ಬೆಳೆದೆ, ಸೀಟು ಬೆಳೆಯಲಿಲ್ಲ. ಪೈಪು ಫ್ರೇಮಿನೊಳಗೇ ತುಕ್ಕು ಹಿಡಿದು ಕೂತಿತ್ತು. ಬೈಲಹೊಂಗಲದ ಕಾಲೇಜಿಗೆ ಹೋಗಿಬರುವಷ್ಟರಲ್ಲಿ ಮೊಣಕಾಲು ಹಿಡಿದುಕೊಳ್ಳುತ್ತಿದ್ದವು. ಕ್ಲಾಸಿನ ಹೊತ್ತಿಗೆ ಬಸ್ಸಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ದೊಡ್ಡಪ್ಪನ ಮಾತೇ ಕಡೆ. ಅವನು ಮೊದಲೇ ಹೇಳಿದ್ದ: ‘ಸೈಕಲ್ಲಿಂದ ಒಂದ ತಕರಾರು ಬಂತೋ, ಕಾಲೇಜು ಬಂದ್.’

ಕಾಕಾ ಸೈಕಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಪೈಪಿನ ಸಂದಿಗೆ ಹೊತ್ತುಹೊತ್ತಿಗೆ ಸೀಮೆಎಣ್ಣೆ ಬಿಡುತ್ತಿದ್ದ. ಮೂರು ದಿನ ನಾನು ಕಾಲೇಜಿಗೆ ಹೋಗಲಿಲ್ಲ. ಮರುದಿನ ಟೆಸ್ಟ್ ಇತ್ತು.

‘ಇನ್ನೊಂದಿನ ಕುಡೀಲಿ ತಡಿ, ತಂಗಿ. ಕಬ್ಬಣಕ್ಕ ಅವಸರ ತಿಳಿಯೂದಿಲ್ಲ.’

‘ಕಾಕಾ, ನಿನಗ ಬರೂದಿಲ್ಲಂದ್ರ ಬರೂದಿಲ್ಲ ಅಂತ ಹೇಳಿಬಿಡು. ಸಾಲಿ ಕಲತಿದ್ರ ತಿಳೀತಿತ್ತು.’

ಇದು ನಾನು ಆಡಿದ ಮಾತು. ಆಡಿ ಸುಮ್ಮನಿರಲಿಲ್ಲ, ಅವನು ಪೈಪು ಹಿಡಿದಿರುವಾಗಲೇ ಸುತ್ತಿಗೆ ಎತ್ತಿ ಹೊಡೆದೆ. ಸುತ್ತಿಗೆ ಜಾರಿ ಅವನ ಹೆಬ್ಬೆರಳಿನ ಮೇಲೆ ಬಿತ್ತು.

ಕಾಕಾ ಬೆರಳಿಗೆ ಅರಿವೆ ಸುತ್ತಿ, ಮೇಲೆ ಹಳೆಯ ಟ್ಯೂಬಿನ ಪಟ್ಟಿ ಬಿಗಿಯುತ್ತಿದ್ದಾಗ ದೊಡ್ಡಪ್ಪ ಗಾಳಿ ಹಾಕಿಸಲು ಬಂದ.

‘ಏನಾತೋ?’

‘ನಾನ ಹೊಡಕೊಂಡೆ, ಅಣ್ಣಾ.’

‘ಇಷ್ಟ ವರ್ಷ ಸುತಗಿ ಹಿಡದಿ, ನಿನ್ನ ಹೆಬ್ಬಟ್ಟು ಎಲ್ಲೈತಿ ಅಂತ ಇನ್ನೂ ಗೊತ್ತಿಲ್ಲೇನ?’

ದೊಡ್ಡಪ್ಪ ನಕ್ಕ. ಅಂಗಡಿ ಮುಂದಿನ ಕಟ್ಟೆಯ ಮೇಲೆ ಕೂತವರೂ ನಕ್ಕರು. ನಾನು ನೆಲ ನೋಡುತ್ತ ನಿಂತೆ.

ಅವರು ಹೋದ ಮೇಲೆ ಕಾಕಾ ಸೀಟು ಬಿಚ್ಚಿ, ಪೈಪಿನ ತುದಿಯನ್ನು ಮೇಜಿಗೆ ಬಿಗಿದಿದ್ದ ವೈಸ್ ಎಂಬ ಕಬ್ಬಿಣದ ಇಕ್ಕಳದ ದವಡೆಗೆ ಕಚ್ಚಿಸಿ ಬಿಗಿದ. ‘ಫ್ರೇಮ್ ಹಿಡಿ. ಪೈಪು ತಿರಗಲಿಲ್ಲಂದ್ರ ಸೈಕಲ್ಲ ತಿರುವಬೇಕು. ಎಳೀಬ್ಯಾಡ.’ ನಾನು ಎರಡೂ ಕೈಯಿಂದ, ಅವನು ಒಂದೇ ಕೈಯಿಂದ ಇಡೀ ಸೈಕಲ್ಲನ್ನೇ ತಿರುವಿದೆವು. ಕಟ್ ಎಂದಿತು. ಕುಂಕುಮದಂಥ ತುಕ್ಕು ಉದುರಿತು. ಪೈಪು ಹೊರಗೆ ಬಂತು.

ಹೊಸ ಪೈಪಿಗೆ ಗ್ರೀಸ್ ಹಚ್ಚುತ್ತ ಅಂದ: ‘ವರ್ಷಕ್ಕೊಮ್ಮೆ ಬಿಚ್ಚಿ ಹಚ್ಚಬೇಕು, ತಂಗಿ. ಹಂಗ ಬಿಟ್ರ ಮತ್ತ ಹಿಡಕೊಂತೈತಿ.’

ಮರುದಿನ ಟೆಸ್ಟ್ ಬರೆದೆ. ಊರಿನವರು ಮುಂದೆ ಎಷ್ಟೋ ದಿನ ಅವನನ್ನು ‘ಹೆಬ್ಬಟ್ಟಿನ ಮೇಸ್ತ್ರಿ’ ಎಂದು ಕಾಡಿದರು. ಅವನೂ ಅವರ ಜೊತೆ ನಗುತ್ತಿದ್ದ. ಅವನ ಅಂಗಡಿಯ ಮುಂದೆಯೇ ದಿನವೂ ಹೋಗುತ್ತಿದ್ದೆ. ಇಳಿದು, ಹೊಡೆದವಳು ನಾನೆಂದು ಆ ಕಟ್ಟೆಯವರಿಗೆ ಹೇಳಲಿಲ್ಲ. ಅವನೆದುರು ತಪ್ಪಾಯಿತು ಎನ್ನಲೂ ಇಲ್ಲ. ನಾಳೆ ಅನ್ನುತ್ತಿದ್ದೆ. ಕೊನೆಯ ವರ್ಷದ ಪರೀಕ್ಷೆಯ ಹೊತ್ತಿಗೆ ಕಾಕಾ ಎದೆನೋವಿನಿಂದ ತೀರಿಕೊಂಡ.

ನಮ್ಮ ಮನೆತನದ ಮೊದಲ ಪದವೀಧರೆ ನಾನು. ಆ ಹೆಮ್ಮೆಯನ್ನು ಮುಚ್ಚಿಡುವವಳಲ್ಲ. ಆದರೆ ಸರ್ಟಿಫಿಕೇಟ್ ಕೈಗೆ ಬಂದ ದಿನ ಮನೆಗೆ ಹೋಗುವ ಮನಸ್ಸಾಗಲಿಲ್ಲ. ಕಾಕಾನ ಹೆಂಡತಿ, ನಮ್ಮ ಚಿಗವ್ವನ ಹತ್ತಿರ ಹೋದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಎರಡೂ ಕೈಯಲ್ಲಿ ಅದನ್ನು ಇಸಿದುಕೊಂಡಳು.

‘ಚಿಗವ್ವಾ, ಕಾಕಾನ ಹೆಬ್ಬಟ್ಟಿಗೆ ಹೊಡದಾಕಿ ನಾನು.’

ಅವಳು ಓದಲು ಬಾರದ ಅಕ್ಷರಗಳ ಮೇಲೆ ಬೆರಳಾಡಿಸುತ್ತಿದ್ದಳು.

‘ಗೊತ್ತೈತಿ, ಯವ್ವಾ. ಅಣ್ಣಗ ತಿಳದ್ರ ಕೂಸಿನ ಕಾಲೇಜು ಬಿಡಸ್ತಾನ, ನೀ ಬಾಯಿ ಬಿಡಬ್ಯಾಡ ಅಂದಿದ್ರು. ನೀ ಒಂದಿನ ಅಂಗಡಿ ಮುಂದ ಇಳೀತಿ ಅಂತ ಭಾಳ ದಿನ ದಾರಿ ನೋಡಿದ್ರು.’