ಇಬ್ಬರು ಎಳಿಯೋ ಗರಗಸ

ಮೊನ್ನೆ ಮುಂಜಾನೆ ವಿಜಯಪುರದ ಅಥಣಿ ರಸ್ತೆದಾಗ ನಮ್ಮ ಮನಿ ಹಿಂದಿನ ಖಾಲಿ ಜಾಗಾದಾಗ ಯಾರೋ ಮನಿ ಕಟ್ಟಾಕಂತ ಒಂದು ದೊಡ್ಡ ಬೇವಿನ ಗಿಡಾ ಕೊಯ್ಯಾಕತ್ತಿದ್ರು. ಮಷೀನಿನ ಸಪ್ಪಳಕ್ಕ ಎಚ್ಚರಾತು ಖರೆ, ಆದ್ರ ಹಾಸಗಿಯಿಂದ ನನ್ನ ಎಬ್ಬಿಸಿದ್ದು ವಾಸನಿ. ಹಸಿ ಬೇವಿನ ಬೊಡ್ಡಿ ಕೊಯ್ದಾಗ ಒಂದು ಕಹಿ ವಾಸನಿ ಬರ್ತೈತಿ ನೋಡ್ರಿ, ಗಂಟಲಾಗ ಇಳದು ಅಲ್ಲೇ ಕುಂತಬಿಡ್ತೈತಿ. ಥಂಡಿ ಗಾಳ್ಯಾಗ ಅದು ಇನ್ನೂ ದಪ್ಪ ಆಗ್ತೈತಿ. ಕಟಗಿ ಪುಡಿ ಹಾರಿ ನಮ್ಮ ಕಿಡಕ್ಯಾಗ ಬಂದು ಬಿದ್ದಿತ್ತು. ಬಳ್ಯಾಕ ಕಸಬರಗಿ ತಗೊಂಡಾಕಿ ಹಂಗ ನಿಂತಬಿಟ್ಟೆ. ನಿಮಗೂ ಆಗಿರಬೇಕು ಹಿಂಗ, ಬಿಟ್ಟಬಂದ ಮನಿ ಪೂರ್ತಿ ಒಂದ ಸಲಕ್ಕ ಮೂಗಿನ್ಯಾಗ ಬಂದು ನಿಂದ್ರೋದು. ಆಮ್ಯಾಲ ಇಡೀ ದಿನಾ ಮೈ ಭಾರ, ಯಾವ ಕೆಲಸಕ್ಕೂ ಕೈ ಏಳಂಗಿಲ್ಲ.

ನಮ್ಮೂರು ನಿಡೋಣ್ಯಾಗ ನಮ್ಮದು ದೊಡ್ಡ ಮಣ್ಣಿನ ಮನಿ ಇತ್ತು. ಬಾಗಲಾ ಒಂದ, ಅಂಗಳಾ ಒಂದ, ಆದ್ರ ನನಗ ತಿಳುವಳಿಕಿ ಬರೂದ್ರಾಗ ಒಲಿ ಎರಡಾಗಿದ್ವು. ಬಾವಿ ನೀರಿನ ಪಾಳಿ ಮ್ಯಾಲ ಮಾತಿಗಿ ಮಾತು ಬೆಳದು ನಮ್ಮಪ್ಪ ಮತ್ತ ದೊಡ್ಡಪ್ಪ ಮಾತು ಬಿಟ್ಟಿದ್ರು. ಎಡಕ್ಕ ದೊಡ್ಡಪ್ಪನ ಖೋಲಿ, ಬಲಕ್ಕ ನಮ್ಮದು, ನಡುವ ಪಡಸಾಲ್ಯಾಗ ಆಯಿ, ಅಂದ್ರ ಅವರಿಬ್ಬರ ಅವ್ವ. ದನಾ, ಭಾಂಡೆ, ಜ್ವಾಳದ ಚೀಲಾ ಎಲ್ಲಾ ಪಾಲಾಗಿದ್ವು. ಗರಗಸ ಒಂದು ಪಾಲಾಗದ ಉಳದಿತ್ತು. ನನಗಿಂತ ಉದ್ದಂದು, ಎರಡೂ ತುದಿಗಿ ಕಟಗಿ ಹಿಡಕಿ, ದೊಡ್ಡ ಗಿಡಾ ಕೊಯ್ಯಾಕ ಇಬ್ಬರು ಎದುರುಬದರು ಕುಂತು ಎಳಿಯೋದು. ಅದನ್ನ ಆಯಿ ತನ್ನ ಹಾಸಗಿ ಹಿಂದ ಗೋಡಿಗಿ ಆನಿಸಿ ಇಟ್ಟಿದ್ದಳು. "ಇದು ನನ್ನ ಪಾಲಿಂದು. ಒಬ್ಬಾಂವ ಬಂದು ಕೇಳಿದ್ರ ಕೊಡಂಗಿಲ್ಲ. ಇಬ್ಬರೂ ಬಂದು ಎತಗೊಂಡ ಹೋಗ್ರಿ" ಅಂತಿದ್ದಳು. ಯಾಕ ಹಂಗ ಅಂತಾಳಂತ ಮನಿಯವರಿಗೆಲ್ಲಾ ಗೊತ್ತಿತ್ತು. ವರ್ಷಕ್ಕೊಮ್ಮೆ ಆದ್ರೂ ತನ್ನ ಮಕ್ಕಳು ಒಬ್ಬರ ಮಾರಿ ಒಬ್ಬರು ನೋಡ್ಲಿ, ಅಷ್ಟ ಆಕಿ ಆಸೆ.

ಎಳ್ಳಮಾಸಿ ಮುಗದ ಮ್ಯಾಲ, ಹಿಂಗಾರಿ ಜ್ವಾಳಾ ತೆನಿ ಹಿರಿಯೋ ಹೊತ್ತಿನ್ಯಾಗ, ಹೊಲದ ಬದುವಿನ ಮ್ಯಾಲ ಮುದಿಯಾದ ಒಂದು ದೊಡ್ಡ ಬೇವೋ ಜಾಲಿಯೋ ನೋಡಿ ಕೆಡವ್ತಿದ್ರು. ವರ್ಷಾ ಪೂರ್ತಿ ಎರಡೂ ಒಲಿಗಿ ಅದ ಕಟಗಿ. ಅಂಥಾ ಥಂಡಿ ನಾ ಆಮ್ಯಾಲ ನೋಡಿಲ್ಲ. ಕಬ್ಬಿಣಾ ಮುಟ್ಟಿದ್ರ ಬೆರಳು ಚುರುಗುಟ್ತಿದ್ವು, ಬಾಯಿ ತಗದ್ರ ಹೊಗಿ. ಅಂಟು ಹಿಡದ ಗರಗಸದ ಹಲ್ಲಿಗಿ ಚಿಮಣಿ ಎಣ್ಣಿ ಹಚ್ಚೋದು ನನ್ನ ಕೆಲಸ. ಇನ್ನೊಂದು ಕೆಲಸಾನೂ ಇತ್ತು, ಮಾತು ಮುಟ್ಟಸೋದು. ನಡುವ ಒಂದು ಬೊಡ್ಡಿ ಅಷ್ಟ ಅಡ್ಡ, ಆದ್ರೂ ಅಪ್ಪ ನನಗ ಹೇಳಾಂವ, "ನಿಮ್ಮ ದೊಡ್ಡಪ್ಪಗ ಹೇಳು, ಜರಾ ಕೆಳಗ ಹಿಡಿ ಅಂತ." ನಾ ಬಾಯಿ ತೆಗಿಯೂದ್ರಾಗ ದೊಡ್ಡಪ್ಪ, "ನಿಮ್ಮಪ್ಪಗ ಹೇಳವ್ವಾ, ನನಗ ಕಿವಿ ಕೇಳ್ತಾವು ಅಂತ." ಒಮ್ಮೆ ಬಾಜೂ ಹೊಲದಾಂವ ದಾರ್ಯಾಗ ನಿಂತು ಕಾಡಿಸಿದ: "ಏನಣ್ಣಾ, ತಮ್ಮನ ಕೂಡ ಮಾತಿಲ್ಲ ಕತಿಯಿಲ್ಲ, ಗರಗಸ ಮಾತ್ರ ಜೋಡ್ಲೆ ಎಳಿತೀರಿ?" ದೊಡ್ಡಪ್ಪ ತಲಿ ಎತ್ತಲಿಲ್ಲ. "ಇದಕ್ಕ ನಾಲಿಗಿ ಇಲ್ಲೋ ಮಾರಾಯಾ, ಬರೇ ಹಲ್ಲದಾವು. ಹಿಂಗಾಗಿ ಇದರ ಕೂಡ ಛಲೋ ನಡೀತೈತಿ." ಆ ಕಡೆ ಅಪ್ಪನ ಮೀಸಿ ಅಳಗ್ಯಾಡಿದ್ದು ನಾ ಕಂಡಿದ್ದೆ.

ಆ ಗರಗಸದ್ದೊಂದು ರೀತಿ ಇತ್ರಿ. ಎಳೀಬೇಕು, ದಬ್ಬಬಾರದು. ನೀವು ಎಳದ್ರಿ ಅಂದ್ರ ಆ ಕಡಿಯಾಂವ ಕೈ ಸಡಲ ಬಿಡಬೇಕು. ಒಬ್ಬಾಂವ ದಬ್ಬಿದ್ರ ಪಟ್ಟಿ ಬಾಗಿ ಬೊಡ್ಡ್ಯಾಗ ಸಿಗಬೀಳ್ತೈತಿ. ಇವರದು ಒಮ್ಮೆನೂ ಸಿಗಬಿದ್ದಿದ್ದು ನಾ ನೋಡಿಲ್ಲ. ಸರ್ರ್ ಅಂತ ಆ ಕಡಿಗಿ, ಸರ್ರ್ ಅಂತ ಈ ಕಡಿಗಿ, ಬಿಳೇ ಪುಡಿ ಇಬ್ಬರ ಧೋತರದ ಮ್ಯಾಲೂ ಸಮ ಬೀಳ್ತಿತ್ತು. ದೊಡ್ಡಪ್ಪಗ ದಣಿವಾದ್ರ ಅಪ್ಪಗ ಹಿಡಕ್ಯಾಗ ಗೊತ್ತಾಗ್ತಿತ್ತು ಕಾಣಸ್ತೈತಿ. ತನಗ ಏನೂ ಆಗಿರದಿದ್ರೂ, "ಏ ಸಾಕಾತವ್ವಾ, ನೀರು ಕೊಡು" ಅಂತ ಕೈ ಬಿಡ್ತಿದ್ದ. ದೊಡ್ಡಪ್ಪ ಸುಮ್ನ ಕುಂತು ಉಸರು ತಗೋತಿದ್ದ. ಇಬ್ಬರೂ ಹೊಲದ ಕಡೆ ನೋಡ್ತಿದ್ರು.

ಕಡೀ ವರ್ಷ ಕೆಡವಿದ್ದು ಬಾವಿ ಕಡಿಗಿನ ಮುದಿ ಬೇವು. ಬೊಡ್ಡಿ ಅರ್ಧಾ ಕೊಯ್ಯೂದ್ರಾಗ ದೊಡ್ಡಪ್ಪ ಹಿಡಕಿ ಬಿಟ್ಟು ಎದಿ ಹಿಡಕೊಂಡು ಕುಂತ. ಆ ಥಂಡ್ಯಾಗ ಅವನ ಹಣಿ ತುಂಬ ಬೆವರು. ಅಪ್ಪ ಎದ್ದು ಬೊಡ್ಡಿ ಸುತ್ತಿ ಓಡಿ ಹೋದ, ಹೋದಾಂವ ಅವನ ಮುಂದ ಮುಟ್ಟೂದ್ರಾಗ ಗಕ್ಕನ ನಿಂತ. ಕೈ ಮುಂದ ಚಾಚಿದ್ದು ಹಂಗ ಉಳೀತು. ನನ್ನ ಕಡೆ ತಿರಗಿ, "ಕೇಳವ್ವಾ, ಎದಿ ನೋಯ್ತೈತೇನು ಅಂತ" ಅಂದ. ದೊಡ್ಡಪ್ಪ ಕಣ್ಣ ಮುಚಗೊಂಡ ಅಂದ, "ಏನಿಲ್ಲಂತ ಹೇಳು." ರೊಟ್ಟಿ ಬುತ್ತಿ ಹೊತಗೊಂಡು ಬಂದ ಆಯಿ ಇದನ್ನೆಲ್ಲಾ ಬದುವಿನ ಮ್ಯಾಲ ನಿಂತು ನೋಡಿದ್ದಳು. ಬುತ್ತಿ ಇಳಿಸಿ, ದೊಡ್ಡಪ್ಪನ ಹಣಿ ಸೆರಗಿಲೆ ಒರಿಸಿದಳು. ಆಮ್ಯಾಲ ಅಂದಳು, "ಸಾಕ್ರೋ. ನಾಳೆ ಮಷೀನಿನವನ್ನ ಕರಸ್ರಿ."

"ಅರ್ಧಾ ಆಗೇತಿ ಬೇ ಯವ್ವಾ, ಉಳದಿದ್ದು ನಾ ಮುಗಸ್ತೀನಿ," ಅಂದ ಅಪ್ಪ.

"ಒಬ್ಬಾಂವ ಹೆಂಗ ಎಳಿತಿಲೇ?"

ಆಯಿ ದನಿ ಅಷ್ಟು ಸೋತಿದ್ದು ನಾ ಅವತ್ತ ಕೇಳಿದ್ದು. ಮಕ್ಕಳು ಎದುರುಬದರು ಕುಂದರೋ ಒಂದ ಒಂದು ದಾರಿ ಇಷ್ಟು ವರ್ಷ ಕಾಯ್ದಾಕಿ, ಹಿರೀಮಗನ ಜೀವಾ ಉಳೀಲಿ ಅಂತ ತಾನಾಗೇ ಮುಚ್ಚಿಬಿಟ್ಟಳು.

ಬಬಲೇಶ್ವರದಿಂದ ಮಷೀನಿನಾಂವ ಬಂದ. ಬಿಸಲು ಏರೂದ್ರಾಗ ಇಡೀ ಗಿಡಾ ತುಂಡಾಗಿ ಬಿದ್ದಿತ್ತು. ಎರಡು ಗುಂಪಿ ಒಟ್ಟಿದ್ರು. ಅಪ್ಪ ಒಂದು ಕಡೆ, ದೊಡ್ಡಪ್ಪ ಒಂದು ಕಡೆ, ಕೈಗಿ ಏನೂ ಕೆಲಸಿಲ್ಲದ ನಿಂತಿದ್ರು. ಆಮ್ಯಾಲ ಅವರವರ ಗುಂಪಿ ಅವರವರ ಬಂಡ್ಯಾಗ ಹೇರಕೊಂಡು ಹೋದ್ರು. ಮುಂದಿನ ಥಂಡಿಗಿ ನಮ್ಮ ಮನಿಗಿ ಗ್ಯಾಸ್ ಬಂತು, ದೊಡ್ಡಪ್ಪ ಯಾವಾಗೋ ಒಂದಿನ ಟ್ರ್ಯಾಕ್ಟರ್‌ದಾಗ ಕಟಗಿ ತರಿಸಿದ. ಕೂಡಿ ಮಾಡೋ ಕೆಲಸ ಮನ್ಯಾಗ ಒಂದೂ ಉಳೀಲಿಲ್ಲ. ನಾವು ವಿಜಯಪುರಕ್ಕ ಬಂದ್ವಿ.

ಆಯಿ ತೀರಿ ಹೋದಾಗೂ ಥಂಡಿ ದಿನಾನ. ಇಬ್ಬರೂ ಹೆಗಲು ಕೊಟ್ರು, ದೊಡ್ಡಪ್ಪ ಮುಂದ, ಅಪ್ಪ ಹಿಂದ. ಹೊಲದ ತನಕಾ ಹಂಗ ನಡದ್ರು. ಅಪ್ಪ ದಾರಿ ತುಂಬ ಅಳಾಕತ್ತಿದ್ದ. ದೊಡ್ಡಪ್ಪನೂ ಅಳಾಕತ್ತಿದ್ನಂತ, ಮುಂದಿದ್ದವರು ಆಮ್ಯಾಲ ಹೇಳಿದ್ರು. ಹಿಂದಿದ್ದ ಅಪ್ಪಗ ಅವನ ಬೆನ್ನಷ್ಟ ಕಾಣ್ತಿತ್ತು.