ಆಯುಧಪೂಜೆಗೆ ಆರಿಸಿದ ಸರ್ವರ್

ಪರೇಲಿನಲ್ಲಿ ನಾನು ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಸ್ಕ್ಯಾನ್ ಸೆಂಟರಿನ ಡಾಕ್ಟರು ಮೈಸೂರಿನವರು. ಮುಂಬೈಯಲ್ಲಿ ಅರ್ಧ ಆಯಸ್ಸು ಕಳೆದರೂ ಆಯುಧಪೂಜೆಯ ವಿಷಯದಲ್ಲಿ ಅವರು ಊರು ಬಿಟ್ಟವರೇ ಅಲ್ಲ. ಅಂದು ಯಂತ್ರಗಳಿಗೆ ರಜೆ. ಒರೆಸಿ, ಕುಂಕುಮ ಇಟ್ಟು, ಸೇವಂತಿಗೆ ಮುಡಿಸಿ ಸ್ವಿಚ್ ಆರಿಸಿದರೆ ಮತ್ತೆ ಹಾಕುವುದು ವಿಜಯದಶಮಿ ಕಳೆದ ಮೇಲೆ. ಅಲ್ಲಿನ ಮರಾಠಿ ಹುಡುಗಿಯರೂ ದಸರಾಕ್ಕೆ ಯಂತ್ರಕ್ಕೆ ಹಾರ ಹಾಕುವವರೇ. ಆದರೆ ಹಾರ ಹಾಕಿ ಕೆಲಸ ಮುಂದುವರಿಸುತ್ತಾರೆ. ಆರಿಸಲೇಬೇಕೆನ್ನುವುದು ಡಾಕ್ಟರ ಹಟ.

ಪ್ರತಿ ವರ್ಷ ಸರ್ವರ್ ಮಾತ್ರ ತಪ್ಪಿಸಿಕೊಳ್ಳುತ್ತಿತ್ತು. ರೋಗಿಗಳ ಸ್ಕ್ಯಾನ್ ಚಿತ್ರಗಳೆಲ್ಲ ಅದರಲ್ಲೇ ಇದ್ದರೂ, ಪ್ಲೈವುಡ್ ಅಡ್ಡಗೋಡೆಯ ಹಿಂದೆ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಆ ವರ್ಷ ಬಣ್ಣ ಹೊಡೆಸಲೆಂದು ಅಡ್ಡಗೋಡೆ ತೆಗೆಸಿದ್ದರು. ಪಾಪ, ಇದಕ್ಕೂ ಒಂದು ದಿನ ವಿಶ್ರಾಂತಿ ಇರಲಿ ಎಂದು ಡಾಕ್ಟರು ಅದನ್ನೂ ಆರಿಸಿದರು. ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಬೇಡವೆನ್ನುತ್ತಿದ್ದೆ, ಅದಕ್ಕೇ ಕೇಳಲಿಲ್ಲವೆಂದು ನನ್ನ ಅನುಮಾನ.

ಹಬ್ಬದ ಮರುದಿನ ಗೋರೆಗಾಂವ್‌ನಿಂದ ಲೋಕಲ್ ಹಿಡಿದು ಹೋದಾಗ ಸರ್ವರಿನ ಮುಖದ ತುಂಬ ಕುಂಕುಮ. ಸ್ವಿಚ್ ಹಾಕಿದರೆ ಎಲ್ಲ ದೀಪಗಳೂ ಹತ್ತುತ್ತಿದ್ದವು. ಚಿತ್ರಗಳನ್ನು ನೋಡಿಕೊಳ್ಳುವ ಪ್ರೋಗ್ರಾಂ ಶುರುವಾಗುವವರೆಗೂ ಬರುತ್ತಿತ್ತು, ಅಲ್ಲಿಗೆ ಕುಸಿಯುತ್ತಿತ್ತು. ತಾನೇ ಮತ್ತೆ ಏಳುತ್ತಿತ್ತು, ಮತ್ತೆ ಕುಸಿಯುತ್ತಿತ್ತು. ಅಕ್ಷತೆ ಒಳಗೆ ಬಿದ್ದಿರಬೇಕೆಂದು ರಿಸೆಪ್ಷನ್ನಿನ ಹುಡುಗಿ ಹೇಳಿದಳು. ಬಿಚ್ಚಿ ನೋಡಿದೆ. ಬಿದ್ದಿದ್ದೇನೋ ನಿಜ, ಆದರೆ ತೊಂದರೆ ಅದರಿಂದಲ್ಲ.

ಹೊರಗಿನ ಬೆಂಚಿನ ಮೇಲೆ ಉಡುಪಿ ಕಡೆಯವರೊಬ್ಬರು ಕೂತಿದ್ದರು. ಕುರ್ಲಾದ ಒಂದು ಹೋಟೆಲಿನಲ್ಲಿ ಗಲ್ಲಾ ಮೇಲೆ ಕೂರುವವರು. ಆಸ್ಪತ್ರೆಯಲ್ಲಿ ತೆಗೆದ ಸ್ಕ್ಯಾನಿನಲ್ಲಿ ಅವರ ಶ್ವಾಸಕೋಶದ ಮೇಲೆ ಒಂದು ಚುಕ್ಕೆ ಕಂಡಿತ್ತು. ಕೆಲವು ವರ್ಷಗಳ ಹಿಂದೆ ಕೆಮ್ಮು ಬಿಡದೆ ಇದೇ ಸೆಂಟರಿನಲ್ಲಿ ಎದೆಯ ಸ್ಕ್ಯಾನ್ ಮಾಡಿಸಿದ್ದರು. ಸಂಜೆಯೊಳಗೆ ಅದನ್ನು ತನ್ನಿ ಎಂದು ಆಸ್ಪತ್ರೆಯ ಸರ್ಜನ್ ಹೇಳಿ ಕಳಿಸಿದ್ದರು. ಚುಕ್ಕೆ ಆಗಲೂ ಇಷ್ಟೇ ಇದ್ದರೆ ಹೆದರಬೇಕಾಗಿಲ್ಲ, ಸುಮ್ಮನೆ ಬಿಡಬಹುದು. ಆಗ ಇರದೆ ಈಗ ಬಂದಿದ್ದರೆ ಎದೆ ಕೊಯ್ಯಬೇಕು. ಅಂದು ಕೊಟ್ಟ ಸಿ.ಡಿ. ಮನೆ ಬದಲಿಸುವಾಗ ಎಲ್ಲೋ ಹೋಯಿತಂತೆ. ಇದನ್ನೆಲ್ಲ ಅವರು ಬೇರೆ ಯಾರದೋ ಕಥೆಯ ಹಾಗೆ ಹೇಳಿ, ಚಹಾ ಬೇಕಾ ಎಂದು ನನ್ನನ್ನೇ ವಿಚಾರಿಸಿದರು.

ನಾನು ಲಾಗ್ ತೆಗೆದು ಕೂತೆ. ಸರ್ವರ್ ತಾನು ಮಾಡಿದ್ದನ್ನೂ ತನಗಾದದ್ದನ್ನೂ ಸಾಲುಸಾಲಾಗಿ ಬರೆದಿಡುವ ಕಡತವದು. ಕೊನೆಯ ಸಾಲಿನಲ್ಲಿ ಮೆಮರಿ ಸಾಲದು ಎಂಬ ದೂರಿತ್ತು. ಅದನ್ನು ನಂಬಿ ಬೆಳಗೆಲ್ಲ ಹಾಳಾಯಿತು. ಪ್ರೋಗ್ರಾಂ ಮಾರಿದ ಕಂಪನಿಗೆ ಫೋನ್ ಮಾಡಿದರೆ, ಹಳೆಯ ಚಿತ್ರಗಳ ಪಟ್ಟಿ ಅಳಿಸಿ ಹೊಸದಾಗಿ ಶುರು ಮಾಡಿ, ಹತ್ತು ನಿಮಿಷದ ಕೆಲಸ ಎಂದು ಒಬ್ಬ ಹಿಂದಿಯಲ್ಲಿ ಸಲೀಸಾಗಿ ಹೇಳಿದ. ಹಾಗೆ ಮಾಡಿದರೆ ಹಳೆಯ ಚಿತ್ರಗಳ ಗತಿಯೇನು ಎಂದು ಕೇಳಿದೆ. ಅದಕ್ಕೆ ಬೇರೆ ವಿಭಾಗವಿದೆಯಂತೆ.

ಹೊಸ ರೋಗಿಗಳು ಬಾಗಿಲವರೆಗೂ ನಿಂತಿದ್ದರು. ಡಾಕ್ಟರಿಗೂ ತಾಳ್ಮೆ ಮುಗಿದಿತ್ತು.

"ಅವನು ಹೇಳ್ದಂಗೇ ಮಾಡ್ಬಿಡಮ್ಮ. ಹಳೇದನ್ನ ಆಮೇಲೆ ನೋಡ್ಕೊಳ್ಳೋಣ."

"ಹಳೇದು ಬೇಕಾಗಿರೋರು ಹೊರಗೆ ಕೂತಿದಾರೆ ಸಾರ್," ಎಂದೆ. ನನಗೆ ಸಿಟ್ಟು ಬಂದಿತ್ತು. ಪೂಜೆಯ ಮೇಲಲ್ಲ, ಆರಿಸಿದವರೇ ಈಗ ಅಳಿಸಲೂ ಹೇಳುತ್ತಿದ್ದಾರಲ್ಲ ಎಂದು. ಅವರು ಬೆಂಚಿನ ಕಡೆ ಒಮ್ಮೆ ನೋಡಿ ಒಳಗೆ ಹೋದರು.

ಲಾಗನ್ನು ಈ ಸಲ ಮೇಲಿನಿಂದ ಓದಿದೆ. ಮೆಮರಿಯ ಗೋಳಿಗಿಂತ ಎಷ್ಟೋ ಮುಂಚೆ, ಯಾರೂ ಗಮನಿಸದಂಥ ಒಂದು ಸಾಲಿತ್ತು: ಚಿತ್ರಗಳ ಫೋಲ್ಡರ್ ಖಾಲಿ ಇದೆ. ಪ್ರೋಗ್ರಾಂ ಆ ಖಾಲಿಯಲ್ಲೇ ಸಾವಿರಾರು ಚಿತ್ರಗಳನ್ನು ಹುಡುಕಿ ಹುಡುಕಿ ಸುಸ್ತಾಗಿ ಬೀಳುತ್ತಿತ್ತು. ಚಿತ್ರಗಳು ನಿಜವಾಗಿ ಇದ್ದದ್ದು ಪಕ್ಕದ ಬೇರೊಂದು ಡಿಸ್ಕಿನಲ್ಲಿ. ನನಗಿಂತ ಮುಂಚೆ ಇದ್ದವರಾರೋ ಸರ್ವರ್ ಓಡುತ್ತಿರುವಾಗಲೇ ಅದನ್ನು ಕೈಯಾರೆ ಜೋಡಿಸಿದ್ದರು. ಪ್ರತಿ ಸಲ ಸ್ವಿಚ್ ಹಾಕಿದಾಗಲೂ ಡಿಸ್ಕನ್ನು ನೀನೇ ಜೋಡಿಸಿಕೋ ಎಂಬ ಸೂಚನೆಯನ್ನು ಬರೆದಿರಲಿಲ್ಲ. ಸರ್ವರನ್ನು ಅಂದಿನಿಂದ ಒಮ್ಮೆಯೂ ಆರಿಸಿರಲಿಲ್ಲವಾದ್ದರಿಂದ ಇದು ಯಾರಿಗೂ ಗೊತ್ತಾಗುವ ಪ್ರಮೇಯವೇ ಬಂದಿರಲಿಲ್ಲ. ಡಿಸ್ಕ್ ಜೋಡಿಸಿದೆ, ಸೂಚನೆ ಬರೆದೆ, ಸ್ವಿಚ್ ಹಾಕಿದೆ. ಪ್ರೋಗ್ರಾಂ ಎದ್ದು ನಿಂತಿತು. ಮತ್ತೊಮ್ಮೆ ಆರಿಸಿ ಹಾಕಿದೆ, ಆಗಲೂ ನಿಂತಿತು.

ಡಾಕ್ಟರು ಗಲ್ಲಾದವರ ಹಳೆಯ ಸ್ಕ್ಯಾನನ್ನು ಒಂದು ಪರದೆಯಲ್ಲೂ ಅವರು ಆಸ್ಪತ್ರೆಯಿಂದ ತಂದಿದ್ದ ಹೊಸದನ್ನು ಇನ್ನೊಂದರಲ್ಲೂ ತೆಗೆದರು. ಅವರನ್ನೂ ಒಳಗೆ ಕರೆಸಿದರು. ಚುಕ್ಕೆ ಹಳೆಯದರಲ್ಲೂ ಇತ್ತು. ಅದೇ ಜಾಗ, ಅದೇ ಅಳತೆ. ನನಗೇ ಕಾಣಿಸಿತು. ಹಳೆಯ ರಿಪೋರ್ಟನ್ನು ಪಕ್ಕದಲ್ಲೇ ತೆರೆದಿದ್ದರು. ಎದೆಯಲ್ಲಿ ಯಾವ ದೋಷವೂ ಇಲ್ಲ ಎಂದಿತ್ತು, ಕೆಳಗೆ ಡಾಕ್ಟರದೇ ಹೆಸರು.

ಅದನ್ನು ಡಾಕ್ಟರು ಹೇಳದೆಯೇ ಮುಗಿಸಿಬಿಡಬಹುದಿತ್ತು, ಚುಕ್ಕೆ ಹಳೆಯದು, ಹೋಗಿ ಬನ್ನಿ ಎಂದರೆ ಸಾಕಿತ್ತು.

"ಇದು ಆಗ್ಲೂ ಇತ್ತು. ನಾನೇ ನೋಡಿರ್ಲಿಲ್ಲ," ಎಂದರು.

ಗಲ್ಲಾದವರಿಗೆ ಮೊದಲರ್ಧ ಮಾತ್ರ ಕೇಳಿಸಿತೆಂದು ಕಾಣುತ್ತದೆ. ಗೋಡೆಗೆ ಕೈ ಕೊಟ್ಟು ನಿಂತರು. ಕಣ್ಣು ಒರೆಸಿಕೊಂಡರು. ಆಮೇಲೆ ಉಳಿದರ್ಧವೂ ತಲುಪಿತು.

"ಒಳ್ಳೇದೇ ಆಯ್ತು ಡಾಕ್ಟ್ರೇ. ಆಗ್ಲೇ ಹೇಳಿದ್ರೆ ಇಷ್ಟು ವರ್ಷ ಹೆದರ್ಕೊಂಡೇ ಇರ್ತಿದ್ದೆ. ಊಟ ಸೇರ್ತಿರ್ಲಿಲ್ಲ."

ಸಿ.ಡಿ. ತೆಗೆದುಕೊಂಡು ಅವರು ಸರ್ಜನ್ ಬಳಿಗೆ ಹೊರಟರು. ನಾನೂ ಬ್ಯಾಗು ಎತ್ತಿಕೊಂಡೆ. ಡಾಕ್ಟರು ಕುರ್ಚಿಯಿಂದ ಎದ್ದಿರಲಿಲ್ಲ.

"ಆ ವರ್ಷ ನಾನು ನೋಡಿದ ಎದೆ ಸ್ಕ್ಯಾನ್ ಎಲ್ಲಾ ಇದ್ರಲ್ಲಿ ಇದ್ಯೇನಮ್ಮ?"

ಇವೆ ಎಂದೆ.

"ತೆಗೆದುಕೊಡು. ಒಂದೊಂದಾಗಿ ನೋಡ್ತೀನಿ."