ಅಂಗಡಿ ಮುಚ್ಚದ ಆಂಟಿ

ಸಿಂಗಪುರದ ಪಾಯಾ ಲೆಬಾರ್‌ನಲ್ಲಿ ನಮ್ಮ ಫ್ಲ್ಯಾಟ್ ಬ್ಲಾಕ್ ಕೆಳಗೆ ಒಬ್ಬ ಆಂಟಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟಿದ್ದರು. ಮಧ್ಯಾಹ್ನ ಊಟಕ್ಕೆಂದು ಎದುರಿನ, ಸಾಲು ಸಾಲು ತಿಂಡಿ ಸ್ಟಾಲ್‌ಗಳಿರುವ ಹಾಕರ್ ಸೆಂಟರ್‌ಗೆ ಹೊರಟರೆ ಕೈಯಲ್ಲೊಂದು ಇಂಗ್ಲಿಷ್ ಕಾದಂಬರಿ ಇರಲೇಬೇಕು. ಎಲ್ಲವೂ ಒಂದೇ ಬಗೆಯವು: ಹಳೇ ಕಾಲದ ಅಮೆರಿಕದ ಧೂಳು ತುಂಬಿದ ಸಣ್ಣ ಪೇಟೆ, ಅಲ್ಲಿ ಬೇಕರಿ ನಡೆಸುವ ಅವಳು, ಕುದುರೆಯ ಜೀನು ಮಾರುವ ಅವನು, ಒಂದಿಷ್ಟು ಜಗಳ, ಆಮೇಲೆ ಪ್ರೀತಿ, ಕೊನೆಗೆ ಮದುವೆ. ಕೊನೆಯ ಪುಟ ಮುಗಿಸಿ, ಕನ್ನಡಕವನ್ನು ತಲೆಗೇರಿಸಿ ಆಂಟಿ ಪ್ರತಿ ಸಲ ಹೇಳುತ್ತಿದ್ದುದು ಒಂದೇ ಮಾತು: “ನೋಡಿದ್ಯಾ, ಇವಳೂ ಅಂಗಡಿ ಮುಚ್ಚಿಬಿಟ್ಲು.”

ಹಾಕರ್ ಸೆಂಟರ್‌ನಲ್ಲಿ ದೋಸೆ ಸ್ಟಾಲ್ ನಡೆಸುತ್ತಿದ್ದ ಉಡುಪಿ ಕಡೆಯ ಅಂಕಲ್, ದಿನಾ ಮೂಲೆಯ ಟೇಬಲ್ ಮೇಲೆ ಟಿಶ್ಯೂ ಪ್ಯಾಕೆಟ್ ಇಟ್ಟು ಆಂಟಿಗೆ ಒಂದು ಸೀಟು ಹಿಡಿದಿಡುತ್ತಿದ್ದರು. ಪ್ಯಾಕೆಟ್ ಇಟ್ಟ ಜಾಗದಲ್ಲಿ ಈ ಊರಲ್ಲಿ ಬೇರೆ ಯಾರೂ ಕೂರುವುದಿಲ್ಲ. ಒಂದು ದಿನ ಅಂಕಲ್ ನನ್ನೆದುರೇ ಆಂಟಿಯನ್ನು ಕೇಳಿದರು: “ಮದುವೆ ಆಗೋಣ್ವಾ? ದಿನವಿಡೀ ಮೆಷಿನ್ ಮುಂದೆ ಯಾಕೆ ಬೆನ್ನು ನೋಯಿಸ್ಕೊಳ್ತೀರಿ? ನನ್ನ ಸ್ಟಾಲ್ ನೋಡ್ಕೊಂಡು ಆರಾಮಾಗಿ ಇರಿ.”

ಆಂಟಿ ಪುಸ್ತಕ ಮಡಚಿದರು. “ಮದುವೆಗೆ ಓಕೆ. ಹೊಲಿದಿಟ್ಟ ಬ್ಲೌಸುಗಳಿಗೆ ಹುಕ್ ಹಾಕೋಕೆ ನನಗೂ ಒಬ್ರು ಬೇಕು. ನೀವೇ ಸ್ಟಾಲ್ ಮುಚ್ಚಿ ಬನ್ನಿ.”

“ಸ್ಟಾಲ್ ಹೇಗೆ ಮುಚ್ಚೋದು?” ಎಂದ ಅಂಕಲ್, ತಮ್ಮ ಮಾತು ತಮಗೇ ಕೇಳಿಸಿದಂತೆ ನಕ್ಕುಬಿಟ್ಟರು.

ಮುಂದಿನ ತಿಂಗಳು ಒಂದು ಬೆಳಿಗ್ಗೆ ಅವರಿಬ್ಬರ ರಿಜಿಸ್ಟರ್ ಮದುವೆ ಆಯಿತು. ಮಧ್ಯಾಹ್ನಕ್ಕೆ ಎರಡೂ ಅಂಗಡಿ ತೆರೆದಿದ್ದವು. ಮೂಲೆಯ ಟೇಬಲ್ ಮೇಲೆ ಅಂದು ಎದುರುಬದುರಾಗಿ ಎರಡು ಪ್ಯಾಕೆಟ್ ಇದ್ದವು. ಎರಡನೆಯದನ್ನು ಆಂಟಿ ಇಟ್ಟಿದ್ದರು.